ಅತ್ತೆಯ ಅತ್ತೆಯ ಸೌಟು

ಬಸ್ಸಿನಲ್ಲಿ ಕೂತಿದ್ದ ಒಬ್ಬ ದರ್ಜಿಯ ಕಣ್ಣು ಕಿಟಕಿಯ ಕಡೆ, ಕಿವಿ ಮಾತ್ರ ಮುಂದಿನ ಸೀಟಿನ ಕಡೆ. ಅಲ್ಲಿ ಒಬ್ಬ ಅತ್ತೆ, ಅವಳ ಹೊಸ ಸೊಸೆ. ಅತ್ತೆ ಚೀಲದಿಂದ ಒಂದು ಹಳೇ ಮರದ ಸೌಟು ತೆಗೆದಳು. ಅದರ ಒಂದೇ ಪಕ್ಕದ ಅಂಚು ಸವೆದು ಓರೆಯಾಗಿತ್ತು.

“ನಿನ್ನೆ ಚಿಕ್ಕತ್ತೆ ಎಲ್ಲರೆದುರು ನನ್ನ ಎಡಚಿ ಅಂದ್ರು,” ಅಂದಳು ಸೊಸೆ.

“ಎಲುಬಿಲ್ಲದ ನಾಲಿಗೆ, ಬಿಡು. ಇದನ್ನ ಬಲಗೈಲಿ ಹಿಡಿ.”

“ಸವೆದ ಅಂಚು ಆಚೆ ಹೋಯ್ತು. ಪಾತ್ರೆ ತಳಕ್ಕೆ ಕೂರಲ್ಲ.”

“ಈಗ ನಿನ್ನ ಕೈಲಿ ಹಿಡಿ.”

ಸೊಸೆ ಎಡಗೈಯಲ್ಲಿ ಹಿಡಿದು ಗಾಳಿಯಲ್ಲೇ ಒಂದು ಸುತ್ತು ತಿರುವಿದಳು.

“ಅಯ್ಯೋ, ನಂಗೇ ಅಂತ ಮಾಡಿಸಿದ ಹಾಗಿದೆ!”

“ನಮ್ಮತ್ತೇದು. ಸುತ್ತಮುತ್ತ ಯಾರ ಮನೆ ಮದುವೆ ಆದ್ರೂ ಅಡುಗೆಗೆ ಅವರೇ. ಒಂದು ದಿನಾನೂ ತಳ ಹಿಡಿಸಿದವರಲ್ಲ.”

“ಹಾಗಾದ್ರೆ ಅವರೂ ಎಡಗೈನವರಾ?”

“ಮತ್ತೆ? ಈ ಅಂಚು ಸವೆಸಿದ್ದು ಯಾವ ಕೈ ಅಂದ್ಕೊಂಡೆ? ಅವರು ಹೋದಮೇಲೆ ನಮಗ್ಯಾರಿಗೂ ಒಗ್ಗಲಿಲ್ಲ. ಸೌಟೇ ಸೊಟ್ಟ ಅಂತ ಅಟ್ಟಕ್ಕೆ ಹಾಕಿದ್ವಿ.”

“ಸೊಟ್ಟ ಅಲ್ವಾ?”

“ಸೊಟ್ಟ ನಮ್ಮ ಕೈ ಕಣೇ.”

ಬಸ್ಸು ನಿಂತಿತು. ಸೊಸೆ ಸೌಟನ್ನು ಚೀಲಕ್ಕೆ ಹಾಕದೆ ಎಡಗೈಯಲ್ಲೇ ಎತ್ತಿ ಹಿಡಿದು ಎದ್ದಳು. ಬಾಗಿಲ ತನಕ ಜನ ಕಿಕ್ಕಿರಿದಿದ್ದರು. ಹಿಂದಿನಿಂದ ಅತ್ತೆ ಕೂಗು ಹಾಕಿದಳು:

“ದಾರಿ ಬಿಡ್ರಪ್ಪಾ, ನಮ್ಮತ್ತೆ ಇಳೀಬೇಕು!”