ಹಳ್ಳದ ನಡುವೆ ನಿಂತ ಪಿಕಪ್ಪು

ಅಕ್ಟೋಬರ್ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ಬೆಟ್ಟದ ಆಸ್ಪೆನ್ ಮರಗಳ ಎಲೆ ಹಳದಿಯಾಗಿ ಅರ್ಧ ಉದುರಿತ್ತು. ತಂಗಿ ಕಾರ್ಮೆಲ ಅಡುಗೆಮನೆಯ ಮೇಜಿನ ಮುಂದೆ ಕೂತು ಬೀನ್ಸ್ ಕಾಳು ಆರಿಸುತ್ತಿದ್ದಳು. ಗೋಡೆಯ ಫೋನು ಏಳೆಂಟು ಸಲ ಬಡಿದುಕೊಂಡ ಮೇಲೆ ನಾನು ತಲುಪಿ ಎತ್ತಿಕೊಂಡೆ. ನನ್ನ ಮಂಡಿಗೆ ಅಷ್ಟು ಹೊತ್ತು ಬೇಕು.

ಹಲೋ… ಹಲೋ, ಯಾರು ಮಾತಾಡ್ತಿರೋದು?

…ಯಾರು? ಗಟ್ಟಿಯಾಗಿ ಹೇಳಿ, ಬರೀ ಗಾಳಿ ಕೇಳಿಸ್ತಿದೆ…

…ಬೆನ್ಯಾಟಾ? ನಮ್ಮ ಕಾರ್ಮೆಲಳ ಮಗ ಬೆನ್ಯಾಟಾ? ಹಾಂ, ನಾನೇ, ಫರ್ಮಿನ್ ಮಾವ. ಈ ಮನೇಲಿ ಫೋನು ಎತ್ತೋರು ಇನ್ಯಾರಿದ್ದಾರೆ… ಯಾರ ಫೋನಿಂದ ಮಾಡ್ತಿದ್ದೀಯ?… ಬೇಟೆಗೆ ಬಂದವನದಾ? ನಿನ್ನದೇನಾಯ್ತು?

…ನೀರಿಗೆ ಬಿತ್ತು. ಸರಿ. ಜಿಂಕೆ ಹುಡುಕ್ಕೊಂಡು ಬಂದ ಮನುಷ್ಯನಿಗೆ ನೀನು ಸಿಕ್ಕಿದೆ. ಅವನ ಗ್ರಹಚಾರ. ಫೋನು ಕೊಟ್ಟನಲ್ಲ, ಒಳ್ಳೆಯವನು ಅನ್ನು… ಅದಿರಲಿ, ಸತುರ್ನಿನೊ ಕೆಳಗೆ ಬಂದನಾ?

…ಇಲ್ಲ.

…ನೀನೇ ಇನ್ನೂ ಮೇಲೆ ತಲುಪಿಲ್ಲ. ಬೆಳಿಗ್ಗೆ ಐದಕ್ಕೆ ಹೊರಟವನು ನೀನು, ಅಲ್ವಾ? ನೋಡು ಅಳಿಯಾ, ನಾನು ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಹೇಳ್ತೀನಿ, ಕೇಳಿದ್ದು ನಿನ್ನ ತಲೇಲಿ ನಿಲ್ಲಲ್ಲ. ಆ ಮನುಷ್ಯ ಮೂರು ವರ್ಷದಿಂದ ಆ ಬೆಟ್ಟದ ಮೇಲೆ ನಮ್ಮ ಕುರಿ ಕಾಯ್ತಿದ್ದಾನೆ. ಪೆರುವಿನಲ್ಲಿ ಮಗಳನ್ನ ತೊಟ್ಟಿಲಲ್ಲಿ ಬಿಟ್ಟು ಬಂದ. ಅದೀಗ ಓಡಾಡುತ್ತೆ, ಮಾತಾಡುತ್ತೆ, ಫೋಟೋ ತೋರಿಸಿ ಇವನೇ ಅಪ್ಪ ಅಂತ ಹೇಳಿಕೊಡ್ತಿದಾರಂತೆ. ಶುಕ್ರವಾರ ಸಂಜೆ ಎಲ್ಕೊ ಪಟ್ಟಣದಿಂದ ಅವನ ಬಸ್ಸು, ಶನಿವಾರ ವಿಮಾನ. ಗುರುವಾರ ಹಿಮ ಅಂತ ರೇಡಿಯೊದವನು ಬೆಳಿಗ್ಗೆಯಿಂದ ಬಡ್ಕೊಳ್ತಿದಾನೆ. ಹಿಮ ಬಿದ್ದರೆ ಆ ದಾರಿ ಮುಚ್ಚಿತು ಅಂತಲೇ. ನಾನೇ ಕರೆತರ್ತೀನಿ, ಗಾಡೀಲೇ ಮೆರೆಸ್ಕೊಂಡು ಬರ್ತೀನಿ ಅಂದವನು ನೀನು… ಹಾಂ? ಎಲ್ಲಿದ್ದೀಯ ಈಗ?

…ವಿಲೋ ಹಳ್ಳದ ಹತ್ತಿರ. ಹತ್ತಿರ ಅಂದರೆ ಎಲ್ಲಿ?

…ನಡುವೆ. ಗಾಡಿ ಹಳ್ಳದ ನಡುವೆ, ನೀನು ದಡದ ಮೇಲೆ. ನೀರು ಎಷ್ಟಿದೆ?… ಮೊಣಕಾಲಿನಷ್ಟು. ಏರ್ತಿದೆಯಾ?… ಇಲ್ಲ ಅಲ್ವಾ. ಹಾಗಾದರೆ ಮೆಲ್ಲಗೆ ಮಾತಾಡೋಣ. ಸಾಮಾನು ನೆನೆದಿದೆಯಾ? ಹಿಟ್ಟು, ಉಪ್ಪಿನ ಗಟ್ಟಿ, ನಾಯಿಗಳ ತಿಂಡಿ?… ಏನೂ ನೆನೆದಿಲ್ಲ. ಇದೊಂದು ಒಳ್ಳೆ ಸುದ್ದಿ.

…ಈಗ ಗಾಡಿ ವಿಷಯ. ಅದು ಯಾಕೆ ನಿಂತಿತು? ಮೂರು ವಾರ ಶೆಡ್ಡಿನ ಬಾಗಿಲು ಹಾಕ್ಕೊಂಡು ಹೊಸ ಮುಂಭಾಗ ಕೂರಿಸಿದ ಗಾಡಿ ಅದು. ಶನಿವಾರ ಹೋಟೆಲ್ಲಿನ ಮುಂದೆ ನಿಲ್ಲಿಸಿ ಬಂದವರನ್ನೆಲ್ಲ ಬಗ್ಗಿಸಿ ತೋರಿಸಿದೆ. ನಾನೂ ಒಳಗೆ ಉದ್ದ ಮೇಜಿನ ಕೊನೇಲಿ ಸೂಪು ಕುಡೀತಾ ಕೂತಿದ್ದೆ, ಎಲ್ಲ ಕೇಳಿಸ್ಕೊಂಡೆ. ಮೊದಲು ಎರಡು ಮುಂಚಕ್ರ ಬೇರೆ ಬೇರೆ ಕುಣೀತಿದ್ದವು, ಒಂದು ಬಂಡೆ ಹತ್ತಿದರೆ ಇನ್ನೊಂದು ಗಾಳೀಲಿ ತೂಗ್ತಿತ್ತು. ಈಗ ಎರಡೂ ಒಂದೇ ಕಬ್ಬಿಣದ ತೊಲೆಯಂಥ ಆಕ್ಸಲ್ಲಿನ ಮೇಲಿವೆ, ಇನ್ನು ಯಾವ ಬಂಡೆಯೂ ಇದನ್ನ ತಡೆಯಲ್ಲ ಅಂದೆ. ಬಂಡೆ ತಡೀಲಿಲ್ಲ ಬಿಡು. ಬಂಡೆಯವರೆಗೆ ನೀನು ಹೋಗಲೇ ಇಲ್ಲ.

…ಹಾಂ… ಹಾಂ… ಊರಿಂದ ಹಳ್ಳದವರೆಗೆ ಚೆನ್ನಾಗಿ ಓಡಿತು. ಹಿಂದಿನ ಎರಡು ಚಕ್ರದಲ್ಲಿ. ನೀರಿಗಿಳಿದ ಮೇಲೆ ಎಂಜಿನ್ನಿನ ಎಳೆತ ನಾಲ್ಕೂ ಚಕ್ರಕ್ಕೆ ಹಾಕಿದೆ. ಆಮೇಲೆ?… ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನಿಂತಲ್ಲೇ ನಾಲ್ಕು ಗುಂಡಿ ತೋಡಿತು. ರಿವರ್ಸ್ ಹಾಕಿದರೆ?… ಅದೂ ಹಾಗೇ. ಆಮೇಲೆ ಒಳಗೆಲ್ಲೋ ಪಟ್ ಅಂತು. ಗೇರ್ ಬಾಕ್ಸ್ ಕೆಟ್ಟಿದೆ ಅಂತೀಯ. ಇರಬಹುದು. ಮೊದಲು ಕೆಟ್ಟಿರಲಿಲ್ಲ, ಈಗ ಕೆಟ್ಟಿರುತ್ತೆ.

…ಒಂದು ಕೇಳ್ತೀನಿ. ಮನೆ ಮುಂದೆ ಒಂದು ಸಲವಾದರೂ ನಾಲ್ಕು ಚಕ್ರಕ್ಕೆ ಹಾಕಿ ನೋಡಿದೆಯಾ?… ಯಾಕೆ?

…ಬಣ್ಣ ಒಣಗಿರಲಿಲ್ಲ. ಸರಿ. ಕೇಳಬಾರದಿತ್ತು.

…ಇನ್ನೊಂದು. ಆಕ್ಸಲ್ಲಿಂದ ಎಣ್ಣೆ ಏನಾದರೂ ಸೋರ್ತಿತ್ತಾ?… ತೊಟ್ಟು ತೊಟ್ಟಾಗಿ. ಎಲ್ಲಿಂದ?… ಕೆಳಗೊಂದು ಸಣ್ಣ ಕೊಳವೆ ಇದೆ, ಅಲ್ಲಿಂದ. ಅದಕ್ಕೆ ಏನು ಮಾಡಿದೆ?… ಬೆಣೆ ಹೊಡೆದೆ. ಬೆನ್ಯಾಟ್, ಅದು ಆಕ್ಸಲ್ಲು ಉಸಿರಾಡೋ ಕೊಳವೆ. ಅದು ಮೇಲಿರುತ್ತೆ. ಯಾವ ಆಕ್ಸಲ್ಲಿಗೂ ಮೂಗು ಕೆಳಗಡೆ ಇರಲ್ಲ…

…ಇಲ್ಲ, ನಗ್ತಿಲ್ಲ. ಇನ್ನೂ ಇಲ್ಲ. ಆಕ್ಸಲ್ಲಿನ ನಡುವೆ ಗುಂಡನೆ ಹೊಟ್ಟೆ ಇರುತ್ತಲ್ಲ, ಗೇರು ಇರೋ ಜಾಗ. ಅದು ಯಾವ ಕಡೆ ಇದೆ?… ಬಲಕ್ಕೆ. ನಿನ್ನ ಗಾಡೀಲಿ ಎಂಜಿನ್ ಕಡೆಯಿಂದ ಅದನ್ನ ತಿರುಗಿಸೋ ಶಾಫ್ಟು ಬರೋದೂ ಬಲಕ್ಕೇ, ಸರಿಯಾಗಿದೆ. ಆದರೆ ನೀನು ಅದನ್ನ ವೆಲ್ಸ್ ಊರಿನ ಡ್ಯಾರೆಲ್‌ನ ಗುಜರಿಯಿಂದ ತಂದಾಗ ಯಾವ ಕಡೆ ಇತ್ತು?

…ಹಲೋ? ಇದ್ದೀಯಾ?

…ಎಡಕ್ಕೆ. ಎಡಕ್ಕಿದ್ದದ್ದು ಬಲಕ್ಕೆ ಹೇಗೆ ಬಂತು?… ಮಗುಚಿದೆ. ಹೇಗೆ, ಪುಸ್ತಕದ ಹಾಳೆ ಮಗುಚಿದ ಹಾಗಾ? ಎಡದ ತುದಿ ಎತ್ತಿ ಬಲಕ್ಕೆ, ಮೇಲಿದ್ದದ್ದು ಕೆಳಕ್ಕೆ?… ಹಾಂ. ಆಗ ಚಕ್ರ ಕೂರೋ ತುದಿಗಳೂ ತಲೆಕೆಳಗಾದವು, ಅವನ್ನ ಕೊಯ್ದು ತಿರುಗಿಸಿ ಮತ್ತೆ ಬೆಸುಗೆ ಹಾಕಿದೆ. ಎಷ್ಟು ದಿನ ಹಿಡೀತು?… ಒಂಬತ್ತು ದಿನ. ಡ್ಯಾರೆಲ್ ಏನೂ ಹೇಳಲಿಲ್ವಾ?… ಬುದ್ಧಿವಂತಿಕೆ ಅಂದನಾ? ಅವನು ಇವತ್ತಿಗೂ ಯಾರ ಕೆಲಸಕ್ಕೂ ಅಡ್ಡಿ ಹೇಳಿದವನಲ್ಲ. ಅದಕ್ಕೇ ಅವನ ಗುಜರಿ ಅಷ್ಟು ದೊಡ್ಡದಾಗಿರೋದು.

…ಹೇಳ್ತೀನಿ ಇರು. ಮೊಟ್ಟೆ ಕಡೆಯೋ ಕೈಯಂತ್ರ ಗೊತ್ತಲ್ಲ, ನಿಮ್ಮಮ್ಮನದು? ನಡುವೆ ಹಲ್ಲಿನ ಚಕ್ರ, ಹಿಡಿ ಹಿಡಿದು ತಿರುಗಿಸಿದರೆ ಆಚೆ ಈಚೆ ಎರಡು ಕಡ್ಡಿ ತಿರುಗುತ್ತವೆ. ಎರಡೂ ಒಂದೇ ಕಡೆ ತಿರುಗುತ್ತವಾ?… ಇಲ್ಲ. ಒಂದು ಹೀಗೆ, ಒಂದು ಹಾಗೆ. ತಿರುಗಿಸೋ ಕೈ ಒಂದೇ, ಹಲ್ಲಿನ ಚಕ್ರ ಒಂದೇ. ಈ ಪಕ್ಕಕ್ಕೆ ತಾಗಿದ್ದು ಒಂದು ಕಡೆ ಹೋಗುತ್ತೆ, ಆ ಪಕ್ಕಕ್ಕೆ ತಾಗಿದ್ದು ಇನ್ನೊಂದು ಕಡೆ. ನೀನು ಆಕ್ಸಲ್ಲು ಮಗುಚಿದಾಗ ಒಳಗಿನ ದೊಡ್ಡ ಗೇರು ಈ ಪಕ್ಕದಿಂದ ಆ ಪಕ್ಕಕ್ಕೆ ಹೋಯ್ತು. ಈಗ ಯೋಚನೆ ಮಾಡು.

…ಮಾಡು, ಮಾಡು. ಬೇಟೆಗಾರನಿಗೆ ಬೇರೆ ಕೆಲಸ ಇಲ್ಲ ಅಂತ ಕಾಣುತ್ತೆ.

…ಹಾಂ. ಅಷ್ಟೇ. ಹಿಂದಿನ ಚಕ್ರ ಬೆಟ್ಟಕ್ಕೆ ಹೋಗೋಣ ಅನ್ನುತ್ತೆ, ಮುಂದಿನ ಚಕ್ರ ಮನೆಗೆ ಹೋಗೋಣ ಅನ್ನುತ್ತೆ. ನಡುವೆ ನೀನು ಸ್ಟೇರಿಂಗ್ ಹಿಡ್ಕೊಂಡು ಕೂತಿದ್ದೆ. ಐವತ್ತು ವರ್ಷದಲ್ಲಿ ಆ ಹಳ್ಳದಲ್ಲಿ ಸಿಕ್ಕಿಕೊಂಡ ಗಾಡಿ ಬಹಳ ನೋಡಿದ್ದೀನಿ. ತನ್ನನ್ನ ತಾನೇ ಹಿಡಿದು ನಿಲ್ಲಿಸ್ಕೊಂಡದ್ದು ಇದೊಂದೇ.

…ನಿಮ್ಮಮ್ಮನಾ? ಇಲ್ಲೇ ಕೂತಿದ್ದಾಳೆ. ಕೇಳಿಸ್ಕೊಂಡಿಲ್ಲ ಅಂತ ನಾನು ಹೇಗೆ ಹೇಳಲಿ? ಮಂಡಿ ಹೋಗಿರೋದು ನನ್ನದು. ಅವಳ ಕಿವಿ ಚೆನ್ನಾಗೇ ಇದೆ. ಡ್ರಾಯರಿಂದ ಮೊಟ್ಟೆ ಕಡೆಯೋದು ತೆಗೆದು ಒಂದು ಸಲ ತಿರುಗಿಸಿ ನೋಡಿದಳು. ವಾಪಸ್ ಇಟ್ಟಳು.

…ತಡಿ, ನನಗೆ ಇನ್ನೊಂದು ಅನುಮಾನ. ಆ ಆಕ್ಸಲ್ಲಿನ ಉದ್ದ ಕೊಳವೆ ಮೇಲೆ, ಹೊಟ್ಟೆ ಪಕ್ಕ, ಒಂದು ಹಳೇ ಬೆಸುಗೆ ಇತ್ತಾ? ಗಂಟು ಗಂಟಾಗಿ, ನೋಡಕ್ಕೆ ಚೆನ್ನಾಗಿಲ್ಲದ್ದು?… ಇತ್ತು. ಅದರ ಪಕ್ಕ ಉಳೀಲಿ ಕೊರೆದ ಗುರುತು?

…ಮುಚ್ಚಳ ಹಾಕಿದ ಬಟ್ಟಲಿನ ಥರ. ಬಟ್ಟಲು, ಅದರ ಮೇಲೊಂದು ಗೆರೆ. ಕಾರ್ಖಾನೆ ಗುರುತು ಅಂದ್ಕೊಂಡೆ. ಬೆನ್ಯಾಟ್, ಆ ಗುರುತನ್ನೂ ಒಂದು ಸಲ ಮಗುಚಿ ನೋಡು. ಮಗುಚೋದು ನಿನಗೆ ಬರುತ್ತಲ್ಲ. ಅರ್ಧಚಂದ್ರ, ಕೆಳಗೊಂದು ಗೆರೆ… ಹಾಂ. ಉಣ್ಣೆ ಕತ್ತರಿಸಿದ ಮೇಲೆ ಸಾವಿರದ ಇನ್ನೂರು ಕುರಿಗಳ ಬೆನ್ನಿಗೆ ಪ್ರತಿ ವರ್ಷ ನೀನೇ ಬಣ್ಣ ಅದ್ದಿ ಒತ್ತೋ ಗುರುತು. ನಿಮ್ಮ ತಾತನ ಗುರುತು. ಕುರಿ ಬೆನ್ನು ಕೆಳಗಾಗಿ ಬಿದ್ದಿದ್ದರೆ ಅದು ನಮ್ಮದಲ್ಲ ಅಂತ ಬಿಟ್ಟು ಬರ್ತೀಯ ಅಂತಾಯ್ತು.

…ಹೌದು, ನನ್ನ ಹಳೇ ಗಾಡಿಯದೇ. ಎಂಬತ್ತನಾಲ್ಕರಲ್ಲಿ ಮೇಲಿನ ಕಲ್ಲುಮೆಟ್ಟಿಲಲ್ಲಿ ಆ ಕೊಳವೆ ಸೀಳಿತ್ತು. ಅಲ್ಲೇ ಮಲಗಿಕೊಂಡು ಬೆಸುಗೆ ಹಾಕಿದ್ದೆ, ಅದಕ್ಕೇ ಗಂಟು ಗಂಟಾಗಿರೋದು. ಆಮೇಲೆ ಮೂವತ್ತೆಂಟು ವರ್ಷ ಬಿಡಲಿಲ್ಲ. ಎರಡು ವರ್ಷದ ಹಿಂದೆ ನೀನು, ಇದು ಎತ್ತಿನ ಗಾಡಿಗಿಂತ ಕಡೆ, ಕೂತರೆ ಬೆನ್ನು ಮುರಿಯುತ್ತೆ ಅಂತ ಡ್ಯಾರೆಲ್‌ಗೆ ಎಳೆದುಕೊಂಡು ಹೋಗಿ ಕೊಟ್ಟೆ. ಈಗ ಇಡೀ ಗಾಡಿ ಅವನಿಗೆ ಬಿಟ್ಟು ಅದರ ಮುಂಗಾಲು ಮಾತ್ರ ವಾಪಸ್ ತಂದಿದ್ದೀಯ. ತಂದು ತಲೆಕೆಳಗೆ ನೇತುಹಾಕಿದ್ದೀಯ. ಅದು ಮನೆ ಕಡೆ ಎಳೆದದ್ದರಲ್ಲಿ ತಪ್ಪೇನಿದೆ.

…ಅಲ್ಲ, ಅಲ್ಲ. ಆ ದಾರಿಗೆ ಒಂದೇ ತೊಲೆಯ ಆಕ್ಸಲ್ಲೇ ಸರಿ. ಅದನ್ನ ನಾನೂ ಒಪ್ತೀನಿ. ಆದರೆ ಜುಲೈನಲ್ಲಿ ನಿನ್ನ ಗಾಡೀಲಿ ಮುರಿದದ್ದು ಒಂದು ಚಕ್ರದ ಸಣ್ಣ ಶಾಫ್ಟು ಅಷ್ಟೇ. ಅದನ್ನ ಬದಲಾಯಿಸಿದ್ದರೆ ಒಂದು ಮಧ್ಯಾಹ್ನದ ಕೆಲಸ. ಸತುರ್ನಿನೊ ಹೋದ ಮೇಲೆ ಚಳಿಗಾಲವೆಲ್ಲ ಕೂತು ಬೇಕಾದ ಆಕ್ಸಲ್ಲು ಹಾಕಬಹುದಿತ್ತು. ಅದನ್ನ ಆಗಲೇ ಹೇಳಿದ್ದೆ, ನೀನು "ಮಾವ, ನಿಮ್ಮ ಕಾಲ ಮುಗೀತು" ಅಂದೆ… ಅಂದಿದ್ದೆ. ಆಗಸ್ಟ್‌ನಲ್ಲಿ. ಬಾಗಿಲ ಹತ್ತಿರ ನಿಂತುಕೊಂಡು… ಶನಿವಾರ ನಾನೂ ಒಂದು ಸಲ ಬಗ್ಗಿ ನೋಡಬೇಕಿತ್ತು. ಮಂಡಿ ಬಗ್ಗಲಿಲ್ಲ. ಅದು ನನ್ನ ತಪ್ಪು.

…ಎರಡು ದಿನದಲ್ಲಿ ಕೊಯ್ದು ಸರಿಮಾಡ್ತೀಯಾ? ಒಂಬತ್ತು ದಿನ ಹಾಕಿದ ಬೆಸುಗೆಯನ್ನ? ಬೇಡ. ಕೇಳಿಲ್ಲಿ. ಮೊದಲು ಎರಡೂ ಮುಂಚಕ್ರದ ನಡುವಿನ ಹಬ್ಬು ಕೈಯಲ್ಲಿ ತಿರುಗಿಸಿ ಆಕ್ಸಲ್ಲಿಂದ ಬಿಡಿಸು, ಮುಂಚಕ್ರ ಸುಮ್ಮನೆ ಉರುಳಲಿ. ಹಿಂದಿನ ಎರಡು ಚಕ್ರದಲ್ಲೇ ಮೆಲ್ಲಗೆ ವಾಪಸ್ ದಡಕ್ಕೆ ಬಾ. ಬರದಿದ್ದರೆ ಗಾಡಿ ಅಲ್ಲೇ ಇರಲಿ. ಸಾಮಾನು ಇಳಿಸಿ ಟಾರ್ಪಾಲು ಹೊದಿಸು. ಸಾಯಂಕಾಲಕ್ಕೆ ನಾನು ಟ್ರೈಲರಿನಲ್ಲಿ ಹೇಸರಗತ್ತೆ ತರ್ತೀನಿ… ಹೌದು, ಅವೇ ಎರಡು. ಸುಮ್ಮನೆ ತಿಂದ್ಕೊಂಡಿವೆ, ಮಾರು ಮಾರು ಅಂತಿದ್ದೆಯಲ್ಲ, ಅವೇ. ಅವುಗಳ ನಾಲ್ಕು ಕಾಲೂ ಒಂದೇ ಕಡೆ ಹೋಗುತ್ತವೆ.

…ನಾನು ಎಲ್ಲಿ ಹತ್ತಲಿ? ಹಳ್ಳದವರೆಗೆ ಬರೋದಷ್ಟೇ ನನ್ನ ಕೆಲಸ. ಮೇಲಕ್ಕೆ ಯಾರು ಅಂತ ನಾನೂ ಅದೇ ಯೋಚನೆ… ತಡಿ.

…ತಡಿ ಅಂದೆನಲ್ಲ. ನಿಮ್ಮಮ್ಮ ಎದ್ದಳು. ಕಾಳು ಅರ್ಧಕ್ಕೆ ಬಿಟ್ಟಳು. ಬಾಗಿಲ ಹಿಂದಿನಿಂದ ಬೂಟು ತೆಗೀತಿದ್ದಾಳೆ… ಹೌದು, ಅವಳದೇ. ಹಳೇ ಸವಾರಿ ಬೂಟು. ಕಾಲಿಗೆ ಹಾಕ್ತಿದ್ದಾಳೆ.

…ಎಪ್ಪತ್ತಮೂರು. ಅವಳ ವಯಸ್ಸು ನನಗೆ ಗೊತ್ತು ಬೆನ್ಯಾಟ್, ನಾನೇ ಎತ್ತಿ ಆಡಿಸಿದ್ದು. ಮದುವೆಗೆ ಮುಂಚೆ ನನ್ನ ಜೊತೆ ಆ ದಾರಿ ನೂರು ಸಲ ಹತ್ತಿದ್ದಾಳೆ. ಬೇಡ ಅಂತ ನೀನೇ ಹೇಳು. ಫೋನು ಕೊಡಲಾ?… ಬೇಡವಾ. ನಾನೂ ಹೇಳಲ್ಲ.

…ಏನೋ ಹೇಳ್ತಿದ್ದಾಳೆ, ಇರು… ಕೇಳಿಸಿತಾ? ಇಲ್ಲವಾ? ಅವಳು ಹೇಳಿದ್ದು ಹಾಗೇ ಹೇಳ್ತೀನಿ. "ಸತುರ್ನಿನೊ ನನ್ನ ಜೊತೆ ಇಳೀತಾನೆ. ಕುರಿ ಹತ್ತಿರ ಇವನು ಇರ್ತಾನೆ."

…ಇವನು ಅಂದರೆ ನೀನೇ. ನನ್ನ ಮಂಡಿ ಎಂಥದ್ದು ಅಂತ ಅವಳಿಗೆ ಗೊತ್ತು.

…ಎಷ್ಟು ದಿನ ಅಂತ ನಾನೇನು ಹೇಳಲಿ? ಸಾವಿರದ ಇನ್ನೂರು ಕುರಿ ಬಿಟ್ಟು ಬರಕ್ಕಾಗಲ್ಲ, ಹೊಸಬನ ಕಾಗದಪತ್ರ ತಿಂಗಳ ಕೊನೆಗೆ ಬರುತ್ತಂತೆ. ಮೂರು ವಾರ ಆಗಬಹುದು. ಮೂರು ವಾರ ನಿನಗೆ ಅಭ್ಯಾಸ ಇದೆ, ಶೆಡ್ಡಲ್ಲಿ ಕೂತಿದ್ದೆಯಲ್ಲ. ಸತುರ್ನಿನೊ ಮೂರು ವರ್ಷ ಕೂತ. ಅವನು ಒಂದು ಸಲ ಫೋನು ಮಾಡಿ ಗೋಳಾಡಿದ್ದು ನನಗೆ ನೆನಪಿಲ್ಲ… ಹಿಮ ಬಿದ್ದರೆ? ಬಿದ್ದರೆ ಕುರಿಗಳೇ ಇಳಿಯಕ್ಕೆ ಶುರುಮಾಡ್ತವೆ. ಅವಕ್ಕೆ ದಾರಿ ಗೊತ್ತು. ನೀನು ಅವುಗಳ ಹಿಂದೆ ಬಾ. ಯಾವುದನ್ನೂ ಮಗುಚಬೇಡ.

…ಉಣ್ಣೆ ಕಾಲುಚೀಲ ಇದೆಯಾ ಅಂತ ಕೇಳ್ತಿದ್ದಾಳೆ… ಇಲ್ಲವಂತೆ ಕಾರ್ಮೆಲ… ನಿಮ್ಮಪ್ಪನದು ತರ್ತಾಳಂತೆ. ಬ್ರೆಡ್ಡು ಸುಡೋ ಕಬ್ಬಿಣದ ಪಾತ್ರೆ ಮೇಲಿದೆಯಾ ಅಂತಲೂ ಕೇಳ್ತಿದ್ದಾಳೆ. ನೆಲ ತೋಡಿ ಕೆಂಡದಲ್ಲಿ ಹೂಳೋದು ಹೇಗೆ ಅಂತ ಸತುರ್ನಿನೊನ ಕೇಳಿ ಕಲ್ತ್ಕೊ, ಅವನು ಇಳಿಯೋ ಮುಂಚೆ. ಮುಚ್ಚಳ ಮೇಲೆ ಬರಬೇಕು…

…ಏನು? ಬೇಟೆಗಾರ ಫೋನು ಕೇಳ್ತಿದ್ದಾನಾ? ಕೊಡು, ಪಾಪ. ಹಬ್ಬು ಬಿಡಿಸೋದು ಮರೀಬೇಡ, ಎರಡೂ ಬಿಡಿಸಬೇಕು, ಒಂದೇ ಬಿಡಿಸಿದರೆ… ಹಲೋ? ಬೆನ್ಯಾಟ್? ಎರಡೂ… ಹಲೋ?

…

ಫೋನು ಕಡಿದುಹೋಗಿತ್ತು. ಮಂಗಳವಾರ ನಸುಕಿಗೆ ತಾಯಿ ಮಗ ಹಳ್ಳ ದಾಟಿ ಹತ್ತಿದರು. ಒಂದು ಹೇಸರಗತ್ತೆಯ ಮೇಲೆ ಹೇರು, ಇನ್ನೊಂದರ ಮೇಲೆ ಕಾರ್ಮೆಲ, ಹಿಂದೆ ಬೆನ್ಯಾಟ್ ನಡೆದುಕೊಂಡು. ಬುಧವಾರ ಸಂಜೆ ಅವಳೂ ಸತುರ್ನಿನೊನೂ ಇಳಿದು ಬಂದರು. ಗುರುವಾರ ಹಿಮ ಬಿತ್ತು. ಶುಕ್ರವಾರ ಸಂಜೆಯ ಬಸ್ಸಿಗೆ ಸತುರ್ನಿನೊ ಹೊರಟುಹೋದ.