ಹಿಂಬಾಗಿಲ ಕೀ

ನಕುರು ಸ್ಟ್ಯಾಂಡಿನಲ್ಲಿ ಮಟಾಟು ವ್ಯಾನಿಗೆ ಕಾಯುತ್ತಿದ್ದೆ. ನನ್ನ ಮುಂದೆ ಇಬ್ಬರು ಮುಖ್ಯೋಪಾಧ್ಯಾಯರು, ಬಾರಾಸಾ ಮತ್ತು ಜೆರೊಟಿಚ್ ಮೇಡಂ. ಇಬ್ಬರ ಕೊರಳಲ್ಲೂ 'ನಾಳೆಯ ಶಾಲೆ' ಸಮ್ಮೇಳನದ ಬ್ಯಾಡ್ಜು.

"ಭಾಷಣ ಜೋರಾಗಿತ್ತು ಮೇಡಂ."

"ಸುಮ್ನೆ ಮಾತಲ್ಲ ಮೇಷ್ಟ್ರೇ. ನಮ್ ಹುಡುಗೀರು ಆಗ್ಲೇ ರೋಬೋಟ್ ಮಾಡ್ತಾರೆ."

"ರಾತ್ರಿ ಹಾಸ್ಟೆಲ್ಲಿಂದ ಹಾರಿ ಹೋಗಲ್ವಾ? ನಮ್ಮವಂತೂ ಕೋತಿಗಳು."

"ಹೆಂಗ್ ಹೋಗ್ತಾರೆ? ಕಿಟಕಿಗೆಲ್ಲ ಕಂಬಿ ಹಾಕ್ಸಿದೀನಿ. ಕತ್ಲಾದ್ರೆ ವಾರ್ಡನ್ನು ಮುಂಬಾಗ್ಲಿಗೆ ಹೊರಗಿಂದ ಬೀಗ ಜಡಿದು ಮನೆಗೆ ಹೋಗ್ತಾಳೆ."

"ಬೆಂಕಿಗಿಂಕಿ ಬಿದ್ರೆ?"

"ಅದಕ್ಕೇ ಅಂತ ಹಿಂಬಾಗ್ಲು ಇಡ್ಸಿದೀನಲ್ಲ."

"ಅದಕ್ಕೆ ಬೀಗ ಇಲ್ವಾ?"

"ಬೀಗ ಇಲ್ದೆ ಬಿಡ್ತೀನಾ? ಕೀ ಮಾತ್ರ ಯಾರಿಗೂ ಕೊಡಲ್ಲ ಮೇಷ್ಟ್ರೇ, ಇಲ್ಲೇ ಇಟ್ಕೊಂಡಿರ್ತೀನಿ."

ಹೆಗಲ ಚೀಲ ತಟ್ಟಿದರು. ಒಳಗೆ ಕೀ ಸದ್ದಾಯಿತು.

"ಈಗ ಶಾಲೆಗೇನಾ?"

"ಇಲ್ಲಪ್ಪ, ನಾಳೆ ನೈರೋಬಿಲಿ ಇದೇ ಭಾಷಣ."

ಕತ್ತಲಾಗುತ್ತಿತ್ತು. ನೈರೋಬಿ ವ್ಯಾನು ಬಂತು. ಮೇಡಂ ಚೀಲವನ್ನು ಎದೆಗವಚಿಕೊಂಡು ಹತ್ತಿದರು.