ಹಾಲು ಬಿಡಿಸಿದ ವಾರ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು. ಮಕ್ಕಳ ಆಸ್ಪತ್ರೆಯಲ್ಲಿ ತೂಕ ನೋಡುವ ನರ್ಸಿನ ಎದುರಿಗೇ, ಸಾಲಿನಲ್ಲಿ, ಅಕ್ಕ ತಂಗಿ ಪಿಸುಗುಟ್ಟುತ್ತಿದ್ದರು. ತಂಗಿಯ ಮಗು ಇಂಗ್ಲಿಷ್ ಕಲಿಸುವ ಅಕ್ಕನ ಹೆಗಲ ಮೇಲಿತ್ತು.

“ನೀನೇ ಎತ್ಕೊಳ್ಳೆ, ತೋಳು ಬಿದ್ದೋಯ್ತು.”

“ನನ್ನ ಕಂಡ್ರೆ ಮುಖ ತಿರುಗಿಸ್ತಾನಕ್ಕ.”

“ಏನ್ ಮಾಡ್ದೆ?”

“ಡಾಕ್ಟರು ‘ವೀನ್’ ಮಾಡಿ ಅಂದಿದ್ರು. ಹಾಲು ಬಿಡಿಸೋದು ಅಂದ್ಕೊಂಡೆ. ಡ್ಯೂಟಿಗೆ ಬೇರೆ ಹೋಗ್ಬೇಕಿತ್ತು. ಎದೆಗೆ ಕಹಿ ಔಷಧಿ ಹಚ್ಕೊಂಡೆ. ಒಂದೇ ದಿನಕ್ಕೆ ಬಿಟ್ಟ.”

“ಅಯ್ಯೋ ಪೆದ್ದಿ! ಆ ಪದಕ್ಕೆ ಹಳೇ ಇಂಗ್ಲಿಷಲ್ಲಿ ಬಿಡಿಸೋದು ಅಂತಿರ್ಲಿಲ್ಲ ಕಣೆ. ರೂಢಿ ಮಾಡ್ಸೋದು ಅಂತಿತ್ತು. ಊಟ ರೂಢಿಯಾದ್ರೆ ಹಾಲು ತಾನಾಗೇ ಬಿಡುತ್ತಲ್ಲ, ಬಿಡಿಸೋದು ಅನ್ನೋದು ಆಮೇಲೆ ಬಂದಿದ್ದು.”

“ನಾನು ರೂಢಿ ಮಾಡ್ಸಿದ್ದು ಕಹೀನ.”

“ಮೆತ್ತಗೆ. ಜನ ಕೇಳ್ತಾರೆ.”

“ತೂಕ ಇಳಿದಿದ್ರೆ ಡಾಕ್ಟರಿಗೆ ಹೆಂಗಕ್ಕ ಮುಖ ತೋರಿಸ್ಲಿ?”

ನರ್ಸ್ ತಲೆ ಎತ್ತದೆಯೇ ಅವರನ್ನು ಕರೆದಳು. ಅಕ್ಕ ಮಗುವನ್ನು ತಕ್ಕಡಿಯ ಮೇಲೆ ಕೂರಿಸಿದಳು. ಎತ್ತಿಕೊಳ್ಳಲು ತಂಗಿ ಕೈ ಚಾಚಿದಳು, ಅರ್ಧಕ್ಕೇ ಹಿಂದೆಳೆದುಕೊಂಡಳು. ಅವರು ಡಾಕ್ಟರ ಕೋಣೆಗೆ ಹೋದ ಮೇಲೆ ನರ್ಸ್ ಅಂಕಿ ಬರೆದಳು: ಎಂಟು ಕಿಲೋ ನೂರು ಗ್ರಾಂ, ಹೋದ ತಿಂಗಳಿಗಿಂತ ಮುನ್ನೂರು ಗ್ರಾಂ ಕಡಿಮೆ.